ನೆಟ್ಟವರ ಹೆಸರು

ಎಲೆ ಮುರಿದು ನೋಡು, ಹಾಲು ಬಂದರೆ ಕರಂಡೆ.
ತಿಂದ ಬಾಯಿ ಕಪ್ಪಾದರೆ ಕುಂಟಾಲ,
ಸಂಜೆ ಮನೆಯಲ್ಲಿ ಸುಳ್ಳು ಹೇಳಲಿಕ್ಕಾಗುವುದಿಲ್ಲ.
ಎರಡೂ ಅಲ್ಲವಾದರೆ ಕಾಂಡಕ್ಕೆ ಕೈಯಿಡು, ಮೆಲ್ಲ.
ಮುಳ್ಳು, ಮುಳ್ಳಿನ ಮೈಯಲ್ಲೂ ಮರಿಮುಳ್ಳು:
ಇದು ಅಬ್ಳುಕ.

ಮಾಂಕು ಅಕ್ಕ ಹೇಳುತ್ತಾ ಹೋದರು, ನಾನು ಬರೆಯುತ್ತಾ.
ಪೈವಳಿಕೆಯಿಂದಾಚೆ ಪಾದೆಯ ಮೇಲೆ, ಮೇ ತಿಂಗಳ ಬಿಸಿಲು.
ಪಂಚಾಯತಿನ ಗಿಡಮರದ ರಿಜಿಸ್ಟರು
ನನ್ನ ಕಂಕುಳಲ್ಲಿ ಬೆವತು ರಟ್ಟು ಬಿಡುತ್ತಿತ್ತು.
ಅದರ ಕಾಲಮ್ಮುಗಳು ಮಲಯಾಳದಲ್ಲಿ,
ನಾನು ತುಂಬುವುದು ಕನ್ನಡದಲ್ಲಿ,
ಅಂಗಿ ಹಿಡಿದ ಮುಳ್ಳಿಗೆ ಅವರು ಬೈದದ್ದು ತುಳುವಿನಲ್ಲಿ.

ಎತ್ತರ?
"ನನ್ನ ಗಂಡನ ಎರಡು ಪಾಲು. ಕುಡಿಯದ ದಿನದ್ದು ಬರೆ."
ಚಿಗುರು?
"ಹಸುಗೂಸಿನ ಹಿಮ್ಮಡಿ ನೋಡಿದ್ದೀಯಲ್ಲ, ಆ ಕೆಂಪು."
ಹಣ್ಣು?
ಬಾಯಿಗೆ ಹಾಕಹೊರಟಿದ್ದೆ. ಕಸಿದುಕೊಂಡು
ಎರಡಂಗೈ ನಡುವೆ ಹೊರಳಿಸಿದರು,
ಬತ್ತಿ ಹೊಸೆದ ಹಾಗೆ, ಸಿಪ್ಪೆ ಒಡೆಯದ ಹಾಗೆ.
"ಹೊಸೆಯದೆ ತಿಂದರೆ ಒಗರು, ನಾಲಿಗೆ ಹಿಡಿಯುತ್ತದೆ.
ಇದಕ್ಕೆ ಸ್ವಲ್ಪ ಉಪದ್ರ ಕೊಡಬೇಕು."

ಕೊನೆಯ ಕಾಲಮ್ಮು: ನೆಟ್ಟವರು ಯಾರು.
ಕಾಡುಮರವಲ್ಲವೇ. ಅಡ್ಡಗೆರೆ ಎಳೆದೆ.

ಅಕ್ಷರ ಬಾರದವರಿಗೂ ಗೆರೆ ಅರ್ಥವಾಗುತ್ತದೆ.
"ಎಷ್ಟು ಮರ ಇದೆ, ಎಣಿಸು."
ನಾಲ್ಕು.
"ಹೇಗೆ ನಿಂತಿವೆ?"
ಸುತ್ತ. ನಡುವೆ ಏನಿಲ್ಲ.

"ಏನಿಲ್ಲದಲ್ಲಿ ಹೊರೆ ಇಳಿಸುವ ಕಲ್ಲಿತ್ತು,
ಎದೆಮಟ್ಟದ್ದು. ಕೋರೆಯವರು ಲಾರಿಗೆ ಹಾಕಿದರು.
ಸೊಪ್ಪಿನ ಹೊರೆ ಅದರ ಮೇಲೆ ದೂಡಿ
ನಾವು ಅಡಿಯಲ್ಲಿ ಕೂತರೆ
ಮಡಿಲಲ್ಲಿದ್ದ ಹಣ್ಣು ಮುಗಿಯುವ ತನಕ ಏಳುವುದಿಲ್ಲ.
ಬೀಜ ಯಾರು ದೂರ ಉಗುಳುವುದೆಂದು ಪಂಥ.
ಅಲ್ಲಿ ಓರೆ ನಿಂತದ್ದು, ಎಲ್ಲಕ್ಕಿಂತ ಆಚೆಯದ್ದು,
ನನ್ನ ನಾದಿನಿ ದುಗ್ಗುವಿನದ್ದು.
ಏಳು ತಿಂಗಳಾಗಿತ್ತು ಅವಳಿಗೆ.
ಹೊಸೆಯಲಿಕ್ಕೂ ಪುರುಸೊತ್ತಿಲ್ಲ,
ಕಾಯಿಯನ್ನೇ ತಿನ್ನುತ್ತಿದ್ದಳು."

ಆಮೇಲೆ ಏನಾಯಿತೆಂದು ನಾನು ಕೇಳಲಿಲ್ಲ.
ಅವರ ಅಂಗೈಗಳು ಹೊರಳಿಸುತ್ತಲೇ ಇದ್ದವು,
ಹಣ್ಣು ಒಡೆದು
ರಸ ಮಣಿಕಟ್ಟಿನ ಬಳೆಗೆ ಇಳಿದ ಮೇಲೂ.

ಗೆರೆಯ ಮೇಲೆಯೇ ಬರೆದೆ: ದುಗ್ಗು.
ಚೌಕ ಸಾಲದೆ ಉಳಿದವರು ಅಂಚಿಗೆ ಹೋದರು:
ಮಾಂಕು, ಅಕ್ಕು,
ಮತ್ತೊಬ್ಬಳು.

"ಅವಳ ಹೆಸರು ಬಾಯಿಗೆ ಬರುವುದಿಲ್ಲ.
ಬಂಬ್ರಾಣದ ಕಡೆಯವಳು, ನಕ್ಕರೆ ಗುಡ್ಡೆಯಿಂದಾಚೆ ಕೇಳಬೇಕು.
ಅಷ್ಟು ಬರೆ.
ಬೀಜ ಮಾತ್ರ ಹತ್ತಿರವೇ ಬೀಳುತ್ತಿತ್ತು."