ಪೊದೆಯ ಸುತ್ತ

ಹಲಗೆಯ ಮೇಲೆ ಬರೆದೆ: ಬೀಟ್ ಅರೌಂಡ್ ದ ಬುಶ್.
ಕೆಳಗೆ ಅರ್ಥ: ಸುತ್ತಿ ಬಳಸಿ ಮಾತಾಡುವುದು.
ಅದರ ಕೆಳಗೆ, ಗೈಡಿನಲ್ಲಿದ್ದಂತೆ, ಒಂದು ವಾಕ್ಯ:
ಪೊದೆಯ ಸುತ್ತ ಬಡಿಯಬೇಡ, ವಿಷಯಕ್ಕೆ ಬಾ.

ನಾನು ಹುನಗುಂದದ ಕಡೆಯವಳು.
ನಮ್ಮಲ್ಲಿ ಮಾತೆಂದರೆ ಹಂಚಿಗೆ ಬಿದ್ದ ರೊಟ್ಟಿ,
ಈ ಮಗ್ಗುಲು, ಆ ಮಗ್ಗುಲು, ಮುಗಿಯಿತು.
ಸಿದ್ದಾಪುರಕ್ಕೆ ವರ್ಗವಾಗಿ ಬಂದ ಮೊದಲ ವರ್ಷ
ಇಲ್ಲಿಯವರು ಹೇಳಬೇಕಾದ್ದನ್ನು ಹೇಳುವಷ್ಟರಲ್ಲಿ
ಎಷ್ಟು ಬಸ್ಸು ತಪ್ಪಿಸಿಕೊಂಡೆನೋ.

ಅದಕ್ಕೇ ಈ ನುಡಿಗಟ್ಟು ನನಗಿಷ್ಟ.
ನಾಳೆ ಒಬ್ಬೊಬ್ಬರೂ ಒಂದು ವಾಕ್ಯ ಮಾಡಿಕೊಂಡು ಬನ್ನಿ, ಎಂದೆ,
ದಿನಾ ಮನೆಯಲ್ಲಿ ನಡೆಯುವಂಥದ್ದು.

ಸೆಲ್ವಿ ಬರೆದಳು:
ಅಮ್ಮನಿಗೆ ರೈಟರ ಹತ್ತಿರ ಮುಂಗಡ ಬೇಕು.
ಅಮ್ಮ ಅವರ ಮಂಡಿನೋವು ಹೇಗಿದೆ ಎಂದು ಕೇಳುತ್ತಾಳೆ.
ಶಭಾಷ್ ಎಂದೆ.

ನಫೀಸತ್ ಬರೆದಳು:
ಅಕ್ಕನನ್ನು ನೋಡಲು ಬಂದವರು
ಎರಡು ತಟ್ಟೆ ಪತ್ತಿರಿ ತಿಂದು ಮೆಣಸಿನ ರೇಟು ಮಾತಾಡಿದರು.
ಗೇಟಿನ ಹತ್ತಿರ ಹೋಗಿ, ಬಣ್ಣ ಸ್ವಲ್ಪ ಕಡಿಮೆ ಅಂದರು.
ಇದಕ್ಕೂ ರೈಟು ಹಾಕಿದೆ, ಒಂದು ಗಳಿಗೆ ತಡೆದು.

ಚಿಟ್ಟಿಯಪ್ಪ ಬರೆದಿರಲಿಲ್ಲ. ಯಾಕೋ ಎಂದರೆ
ಕರೆಂಟಿರಲಿಲ್ಲ, ನಾಯಿ ಮರಿ ಹಾಕಿತು, ಐದು ಮರಿ, ಒಂದು ಪೂರ್ತಿ ಬಿಳಿ,
ಕೊನೆಗೆ, ಪುಸ್ತಕ ಕಳೆದಿದೆ.
ಕುಳಿತುಕೋ ಎಂದೆ, ನಗು ಅದುಮಿ.
ಅವನದ್ದೇ ಎಲ್ಲಕ್ಕಿಂತ ಸರಿಯುತ್ತರ.

ಜಾಜಿ ಬರೆದಿದ್ದಳು:
ನಮ್ಮಪ್ಪ ದಿನಾ ಬೆಳಗ್ಗೆ ಆರೂವರೆಗೆ ಪೊದೆಯ ಸುತ್ತ ಬಡಿಯುತ್ತಾರೆ.
ಆಮೇಲೆ ಹೆಂಗಸರು ಕಾಫಿ ಕುಯ್ಯಲು ಒಳಗೆ ಹೋಗುತ್ತಾರೆ.

ಕೆಂಪು ಗೆರೆ ಎಳೆದೆ. ಇದು ನುಡಿಗಟ್ಟು ಜಾಜಿ,
ಪೊದೆ ಎಂದರೆ ಪೊದೆಯಲ್ಲ,
ಬಡಿಯುವುದೆಂದರೆ ಬಡಿಯುವುದಲ್ಲ.
ಅವಳು ತಲೆಯಾಡಿಸಿದಳು. ಆದರೂ ಹೇಳಿದಳು:
ಡಬ್ಬ ಬಡೀತಾರೆ ಮಿಸ್, ಪೇಂಟಿನ ಡಬ್ಬ.
ಮಂಜಲ್ಲಿ ಗಿಡ ಯಾವುದು, ಅದು ಯಾವುದು, ಗೊತ್ತಾಗಲ್ಲ.
ನೆಟ್ಟಗೆ ಹೋಗಬಾರದು.

ಮರುದಿನ ಕತ್ತಲಿರುವಾಗಲೇ ಕಿಟಕಿ ತೆರೆದೆ.
ಟಣ್ ಟಣ್. ಮೌನ. ಟಣ್. ಒಂದು ಕೂ.
ಮತ್ತೆ ಸಿಲ್ವರ್ ಓಕ್ ಸಾಲಿನಾಚೆ, ಟಣ್ ಟಣ್.
ಎರಡು ವರ್ಷ ಇದನ್ನು
ಯಾರದೋ ವರ್ಕ್‌ಶಾಪ್ ಎಂದುಕೊಂಡಿದ್ದೆ.

ಭಾನುವಾರ ಸಂತೆಯಲ್ಲಿ ಅವಳಪ್ಪ ಕರ್ಪ ಸಿಕ್ಕಿದ.
ನನ್ನ ಮುಖ ನೋಡದೆ, ಟೊಮೆಟೊ ರಾಶಿಗೆ ಹೇಳುವಂತೆ ಕೇಳಿದ,
ಕೆಂಪು ಪೆನ್ನಿಗೆ ಎಷ್ಟಾಗುತ್ತೆ ಮಿಸ್?
ಐದು ರೂಪಾಯಿ ಎಂದೆ.
ಮನೆಗೆ ಬಂದು ಚಪ್ಪಲಿ ಬಿಚ್ಚುವಾಗ
ಅವನು ಕೇಳಿದ್ದು ಏನೆಂದು ಹೊಳೆಯಿತು.

ಜನವರಿಯ ಕೊನೆಯ ಗುರುವಾರ, ಹನ್ನೊಂದರ ಹೊತ್ತಿಗೆ
ಎಸ್ಟೇಟಿನ ರೈಟರು ಶಾಲೆಗೆ ಬಂದರು, ಅದೇ ಮೊದಲು.
ಜೀಪಿನ ಇಂಜಿನ್ ಆರಿಸಿರಲಿಲ್ಲ.
ಬಾಗಿಲಲ್ಲಿ ನಿಂತು, ಟೋಪಿ ಕೈಯಲ್ಲಿ ಹಿಡಿದು,
ಹಾಜರಿ ಹೇಗಿದೆ ಮೇಡಂ,
ಬಿಸಿಯೂಟದ ಅಕ್ಕಿ ಬಂತಾ,
ಈ ಹೆಂಚು ಹೋದ ಮಳೆಗಾಲದಲ್ಲೇ ಒಡೆದದ್ದಾ.

ವಿಷಯಕ್ಕೆ ಬನ್ನಿ ಎನ್ನುವವಳು ನಾನು.
ಆ ದಿನ ಅವರ ಮಂಡಿನೋವು ಹೇಗಿದೆ ಎಂದು ಕೇಳಿದೆ.
ಕಾಳುಮೆಣಸಿಗೆ ಈಗೇನು ರೇಟು ಎಂದು ಕೇಳಿದೆ.
ಅವರೂ ಹೇಳಿದರು, ಹೋದ ವಾರದ್ದು, ಈ ವಾರದ್ದು.
ಇಬ್ಬರೂ ಬಡಿಯುತ್ತ ಬಡಿಯುತ್ತ ಒಂದು ಸುತ್ತು ಬಂದೆವು,
ಮಂಜಿನೊಳಗೆ ನಿಂತದ್ದು
ತಾನಾಗಿ ಬೇರೆ ಕಡೆ ಹೊರಟುಹೋಗಲಿ ಎಂಬಂತೆ.

ಮೂರನೆಯ ಬೆಂಚಿನಲ್ಲಿ ಪುಸ್ತಕ ಮುಚ್ಚಿದ ಸದ್ದು.
ಜಾಜಿ ಎದ್ದು ನಿಂತಿದ್ದಳು, ಚೀಲ ಹೆಗಲಿಗೇರಿಸಿ.
ನನ್ನನ್ನಲ್ಲ, ರೈಟರನ್ನು ಕೇಳಿದಳು:

ಯಾವ ಬ್ಲಾಕು?