ಒಂದು ಖಾನೆ ಹೆಚ್ಚಿಗೆ

ಬದಿಯಡ್ಕ ಪೇಟೆ, ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆ,
ರಾತ್ರಿ ಒಂಬತ್ತೂಕಾಲು. ಕೆಳಗೆ ಶಟರ್ ಎಳೆದ ಸದ್ದು.
ರಕ್ತ ಕೊಡುವವರ ಪಟ್ಟಿಗೆ ಇವತ್ತು
ಹೊಸದೊಂದು ಖಾನೆ ಸೇರಿಸಿದೆ.

ಸೇರಿಸುವುದು ಸುಲಭ. ಹೆಸರಿಡಬೇಕು,
ಅಕ್ಷರವೋ ಅಂಕಿಯೋ ಹೇಳಬೇಕು,
ಕಡ್ಡಾಯವೋ ಎಂದು ಕೇಳುತ್ತದೆ, ಒತ್ತಿದರೆ ಆಯಿತು.
ಒತ್ತಿದ್ದೇ ತಡ
ಆರುನೂರ ಹನ್ನೆರಡು ಮಂದಿಯೊಳಗೆ
ನಿನ್ನೆಯವರೆಗೆ ಇಲ್ಲದ ಒಂದು ಖಾಲಿ ಹುಟ್ಟಿತು.
ಮುಳ್ಳೇರಿಯದ ಐತ್ತಪ್ಪ ಪಾಟಾಳಿ
ಊಟ ಮುಗಿಸಿ ಕೈ ತೊಳೆಯುತ್ತಿರಬಹುದು ಈಗ.
ತನ್ನಲ್ಲೊಂದು ಜಾಗ ತುಂಬದೆ ಉಳಿದಿದೆಯೆಂದು
ಅವರಿಗೆ ಯಾರು ಹೇಳಬೇಕು?

ಮೊದಲಿಗೆ ನಾಲ್ಕೇ ಇದ್ದವು:
ಹೆಸರು, ಗುಂಪು, ಫೋನು, ಪಿನ್‌ಕೋಡು.
ಎರ್ನಾಕುಳಂನ ಹುಡುಗ ಮಾಡಿಕೊಟ್ಟದ್ದು.
ಅವನ ಕಡೆ ಮನುಷ್ಯನಿಗೆ ಒಂದೇ ಹೆಸರು ಇರಬೇಕು.

ಇಲ್ಲಿ, ಒಂದು ರಾತ್ರಿ ಹನ್ನೊಂದಕ್ಕೆ, ಒ ನೆಗೆಟಿವ್ ಬೇಕಾಗಿ
ಮರಿಯಮ್ಮತ್ ಜುವೈರಿಯಾ ಇದ್ದಾರಾ ಎಂದು ಕೇಳಿದರೆ
ಅತ್ತೆ ಅಂದರು, ಅಂಥವರು ಇಲ್ಲಿ ಯಾರೂ ಇಲ್ಲ.
ಅವಳು ಅದೇ ಅಡುಗೆಮನೆಯಲ್ಲಿ ಬಟ್ಟಲು ಒರೆಸುತ್ತಿದ್ದಳು,
ಜುವ್ವಿ ಎಂದಿದ್ದರೆ ಓ ಅನ್ನುತ್ತಿದ್ದಳು.
ಮರುದಿನ ಐದನೆಯ ಖಾನೆ: ಕರೆಯುವ ಹೆಸರು.

ಆಮೇಲೆ ಭಾಷೆ. ಪಟ್ಟಿಯಲ್ಲಿ ಒಂದನ್ನೇ ಆರಿಸಬೇಕಿತ್ತು,
ಅರ್ಧಕ್ಕರ್ಧ ಜನ 'ಇತರೆ' ಒತ್ತಿ ಕೂತರು.
ಪಟ್ಟಿ ತೆಗೆದೆ, ಪ್ರಶ್ನೆಯನ್ನೇ ತಿರುಗಿಸಿದೆ:
ನಡುರಾತ್ರಿ ನಿಮ್ಮನ್ನು ಯಾವ ಮಾತಿನಲ್ಲಿ ಎಬ್ಬಿಸಬೇಕು?
'ತುಳು. ಮಲೆಯಾಳ ಆದೀತು, ಹಗಲಾದರೆ.'
'ಮನೆಯಲ್ಲಿ ಮರಾಟಿ, ಫೋನಿನಲ್ಲಿ ಕನ್ನಡ.'
'ಎಂತ ಮಾತೂ ಬೇಡ ಮಾರಾಯ್ತಿ, ಅಂಗಳಕ್ಕೆ ಬಂದು ಹಾರ್ನ್ ಹೊಡಿ.'

ತಲಪಾಡಿಯಲ್ಲಿ ದಾರಿ ಕಟ್ಟಿದ ವರ್ಷ ಇನ್ನೊಂದು:
ಗಡಿ ಮುಚ್ಚಿದರೆ ನೀವು ಯಾವ ಕಡೆಗೆ ಸಿಗುತ್ತೀರಿ?
ಸಿಸಿಲಿಯಾ ಕ್ರಾಸ್ತಾ ಬರೆದರು:
ಸೋಮವಾರದಿಂದ ಶುಕ್ರ ಆಚೆ, ಉಳಿದಂತೆ ಈಚೆ.
ಅಕ್ಷರಮಿತಿ ನಲವತ್ತು ಇತ್ತು. ಇನ್ನೂರು ಮಾಡಿದೆ.

ಇವತ್ತಿನದಕ್ಕೆ ಕಾರಣ ಬಾಲಣ್ಣ ಮಣಿಯಾಣಿ.
ಸೀತಾಂಗೋಳಿಯ ಬಸ್ಸಿನ ಕಂಡಕ್ಟರು, ಹನ್ನೆರಡು ಸಲ ಕೊಟ್ಟವರು.
ಮಧ್ಯಾಹ್ನ ಚೀಲ ಕಂಕುಳಲ್ಲಿಟ್ಟುಕೊಂಡೇ ಮೆಟ್ಟಿಲು ಹತ್ತಿದರು,
ಆವತ್ತಿನ ಮಗು ಎಂತಾಯ್ತು? ಅಂದರು.
ನಾನು ನಿಜ ಹೇಳಿದೆ. ಉಳಿಯಲಿಲ್ಲ, ಮೂರನೆಯ ದಿನ.
ಅವರು ಚಿಲ್ಲರೆ ಎಣಿಸತೊಡಗಿದರು.
ಎರಡು ಸಲ ಎಣಿಸಿದರು.
ನಾನು ಸುಮ್ಮನೆ ಮಾತಿಗೆ ಕೇಳಿದ್ದು, ಟೀಚರೇ,
ಅಂದು ಇಳಿದು ಹೋದರು. ಕೆಳಗೆ ಡ್ರೈವರು ಹಾರ್ನ್ ಒತ್ತಿ ಹಿಡಿದಿದ್ದ.

ಹಾಗಾಗಿ ಎಂಟನೆಯ ಖಾನೆ:
ಆಮೇಲೆ ಏನಾಯಿತೆಂದು ನಿಮಗೆ ತಿಳಿಸಬೇಕೇ?
ಹೌದು, ಬೇಡ, ಎರಡು ಗುಂಡು ಇಟ್ಟು ನೋಡಿದೆ. ಸಾಲದು.
ಒಳ್ಳೆಯದಾದರೆ ಮಾತ್ರ ಎಂಬ ಮೂರನೆಯದು ಇಡಲೇ?
ಇಟ್ಟರೆ, ನನ್ನ ಮೌನವೇ ಸುದ್ದಿಯಾದೀತು.
ಉತ್ತರಿಸದವರಿಗೆ ಯಾವುದನ್ನು ಮೊದಲೇ ತುಂಬಿಡಲಿ
ಎಂದೂ ಕೇಳಿತು ಯಂತ್ರ.
ಯಾವುದೂ ಬೇಡ. ಕಡ್ಡಾಯದ ಗುರುತೂ ತೆಗೆದೆ.

ನನ್ನ ಪುಟವನ್ನೂ ತೆರೆದೆ. ಸದಸ್ಯೆ ಒಂಬತ್ತು, ಎ ಪಾಸಿಟಿವ್,
ಕರೆಯುವ ಹೆಸರು ಉಂಟು, ಎಬ್ಬಿಸುವ ಮಾತು ಉಂಟು.
ಕೊನೆಯದರಲ್ಲಿ ಸಣ್ಣ ಗೆರೆಯೊಂದು ಮಿಡಿಯುತ್ತ ನಿಂತಿದೆ.
ಅದರ ಕೆಳಗೆ 'ಉಳಿಸಿ' ಎಂಬ ಗುಂಡಿ.
ಇಂಗ್ಲಿಷ್ ತೆಗೆದು ಆ ಪದ ಹಾಕಿದ್ದು ನಾನೇ,
ಆಗ ಅದು ಬರೀ ಗುಂಡಿಯ ಹೆಸರಾಗಿತ್ತು.

ಕೊನೆಯ ಬಸ್ಸು ಒಂಬತ್ತೂವರೆಗೆ.
ಲೈಟು ಆರಿಸಿ, ಬೀಗ ಜಗ್ಗಿ ನೋಡಿ,
ಅರ್ಧ ಮೆಟ್ಟಿಲಲ್ಲಿ ನಿಂತೆ:
ಒತ್ತಿದೆನೋ ಇಲ್ಲವೋ.