ಆರು ಬಾಣದ ಲೆಕ್ಕ

ಗೋಣಿಕೊಪ್ಪದ ಮೊಯ್ದು ಅಂಗಡಿಯಲ್ಲಿ
ಶಟಲ್ ನೆಟ್ಟಿಗೂ ಟಾರ್ಚಿನ ಸೆಲ್ಲಿಗೂ ನಡುವೆ
ಒಂದು ಎಣ್ಣೆ ಡಬ್ಬ. ಅದರೊಳಗೆ ಬಾಣಗಳು,
ಕರ್ರಗೆ, ತೆಳ್ಳಗೆ,
ಬಟ್ಟೆ ಕಳಕೊಂಡ ಕೊಡೆಕಡ್ಡಿಗಳ ಹಾಗೆ.

‘ಇದು ಒಂದಕ್ಕೆ ಒಂಬೈನೂರು, ನೆಟ್ಟಗೆ ಅಂದರೆ ನೆಟ್ಟಗೆ.
ಇದು ಮುನ್ನೂರೈವತ್ತು. ಇದೂ ನೆಟ್ಟಗೇ,
ಕೂದಲೆಳೆಯಷ್ಟು ಆಚೀಚೆ.’
ಯಾರ ಕೂದಲು ಮೊಯ್ದು, ನಿನ್ನದೋ ನನ್ನದೋ?
ಬೋಳುತಲೆ ಸವರಿಕೊಂಡು ನಕ್ಕ.
‘ಮೊನೆ ಯಾವುದು ಹಾಕಲಿ? ಬೇಟೆಗೆ ಬ್ಲೇಡಿನದ್ದೂ ಉಂಟು.’
ಮೆಲ್ಲಗೆ ಹೇಳು ಮಾರಾಯ,
ಫಾರೆಸ್ಟಿನ ಜೀಪು ಎದುರಿನ ಹೋಟೆಲಲ್ಲೇ ಚಹಾ ಕುಡೀತಿದೆ.
ನನಗೆ ಗುರಿಹಲಗೆಯ ಮೊನೆ ಸಾಕು.

ಬಾಳೆಲೆ ಕಡೆಯ ಅಂಚೆಯವಳು ನಾನು.
ಗ್ರಾಮಿನ ವಿಷಯ ನನಗೆ ಯಾರೂ ಹೇಳಿಕೊಡಬೇಕಿಲ್ಲ.
ಚೀಲದಿಂದ ಕಾಗದ ತೂಗುವ ತಕ್ಕಡಿ ತೆಗೆದು
ಅಗ್ಗದವನ್ನೇ ಒಂದೊಂದಾಗಿ ತೂಗಿದೆ, ಇಪ್ಪತ್ಮೂರನ್ನೂ.
ಗಾಜಿನ ಮೇಜಿನ ಮೇಲೆ ಉರುಳಿಸಿದೆ,
ಕುಂಟುವುದನ್ನು ಬದಿಗಿಟ್ಟೆ.
ಉಳಿದವನ್ನು ಕಿವಿಯ ಹತ್ತಿರ ಬಗ್ಗಿಸಿ ಕೇಳಿದೆ:
ಒಳಗೆಲ್ಲೋ ಒಂದು ಎಳೆ ಮುರಿದಿದ್ದರೆ
ಹಪ್ಪಳದ ಹಾಗೆ ಪಿಟಿಪಿಟಿ ಅನ್ನುತ್ತದೆ.
ನನ್ನ ಬಿಲ್ಲು ಮೂವತ್ತೈದು ಪೌಂಡಿನದು,
ಅದಕ್ಕೆ ಬಳುಕುವ ಬಾಣ ಬೇಕು.
ಮೈಮೇಲಿನ ನಂಬರು ಏರಿದಷ್ಟೂ ಬಳುಕು ಜಾಸ್ತಿ,
ಎಂಥ ತಲೆಕೆಳಗಿನ ಲೆಕ್ಕವೋ ಏನೋ.
ಕೊನೆಗೆ ಆರು ಉಳಿದವು, ಒಂದೇ ತೂಕದವು.
ಒಂದು ಗಂಟೆ ಹಿಡಿಯಿತು.
ಮೊಯ್ದು ಅಷ್ಟರಲ್ಲಿ ಮಧ್ಯಾಹ್ನದ ನಮಾಜು ಮುಗಿಸಿ ಬಂದಿದ್ದ.

ದಾರಿಯಲ್ಲಿ ಹಾಡಿಯ ಬೊಳ್ಳಜ್ಜನಿಗೆ
ಪಿಂಚಣಿ ಕೊಡುವುದಿತ್ತು.
ಹೆಬ್ಬೆಟ್ಟು ಒತ್ತಿ, ಬಾಣವೊಂದನ್ನು ಎತ್ತಿಕೊಂಡ,
ಒಂದು ಕಣ್ಣು ಮುಚ್ಚಿದ.
ಕೆಂಡದ ಮೇಲೆ ಬಿದಿರನ್ನು ಸೊಟ್ಟ ಬಿಡಿಸುತ್ತ
ಆ ಕಣ್ಣನ್ನು ಹಾಗೇ ಮುಚ್ಚುತ್ತ ಬಂದವನು ಅವನು.
ತುದಿಯಿಂದ ತುದಿಗೆ ಬೆರಳು ಆಡಿಸಿ ಕೇಳಿದ:
‘ಇದಕ್ಕೆ ಗಂಟೇ ಇಲ್ಲವಲ್ಲ ಅಕ್ಕಾ.
ಗಂಟಿಲ್ಲದ್ದಕ್ಕೆ ಎಲ್ಲಿ ನಿಲ್ಲಬೇಕು ಅಂತ ಹೇಗೆ ಗೊತ್ತಾಗ್ತದೆ?’
ನನ್ನಲ್ಲಿ ಉತ್ತರ ಇರಲಿಲ್ಲ. ರಸೀದಿ ಇತ್ತು.

ಕೈಲ್‌ಪೊಳ್ದಿನ ದಿನ ಕೋವಿಯ ಪಕ್ಕ
ಆರನ್ನೂ ಸಾಲಾಗಿ ಮಲಗಿಸಿದೆ.
ಅತ್ತೆ ಚೋಂದವ್ವ ತೋಕ್‌ಪೂ ಹಿಡಿದು ತಡೆದು ನಿಂತರು:
‘ಇದರ ಗರಿ ಪ್ಲಾಸ್ಟಿಕ್ಕು. ಪ್ಲಾಸ್ಟಿಕ್ಕಿಗೂ ಹೂವಾ?’
ಆಮೇಲೆ ಇಟ್ಟರು, ಒಂದೇ ಒಂದು ಹೂವು,
ಆರಕ್ಕೂ ಸೇರಿಸಿ. ಅಗ್ಗದ್ದಲ್ಲವಾ.
ಒಲೆಯ ಮೇಲೆ ಕುದಿಯುತ್ತಿದ್ದ ಪಂದಿ
ಪೇಟೆಯ ಸಾಕುಹಂದಿ.

ಕಣದಲ್ಲಿ ಗೋಣಿಚೀಲದ ಹಂದಿ ಮಾಡಿದ್ದೆವು.
ಹೊಟ್ಟೆಗೆ ಕಾಫಿ ಹೊಟ್ಟು,
ಭಾರಕ್ಕೆಂದು ಅತ್ತೆ ತುರುಕಿದ ಮೊಳಕೆ ಗೆಣಸು,
ಕಿವಿಗೆ ನನ್ನ ಹಳೆಯ ಖಾಕಿ ಕೋಟಿನ ಜೇಬು.
ಇಪ್ಪತ್ತು ಹೆಜ್ಜೆಯಿಂದ ಆರು ಬಿಟ್ಟೆ.
ಐದು ನಾಟಿದವು. ಒಂದು ಗದ್ದೆಗೆ ಹೋಯಿತು.
ಕತ್ತಲಾಗುವವರೆಗೆ ನಾಟಿಯ ಸಾಲುಗಳನ್ನು
ಕಾಲಲ್ಲಿ ತಡಕಿದೆ, ಮುನ್ನೂರೈವತ್ತು ರೂಪಾಯಿಯನ್ನು.
ಒಂಬೈನೂರರದ್ದಾಗಿದ್ದರೆ ಅತ್ತುಬಿಡುತ್ತಿದ್ದೆ.
ಮಳೆ ಬಂತು. ಐದನ್ನು ಹಂದಿಯಲ್ಲೇ ಬಿಟ್ಟು ಒಳಗೆ ಹೋದೆ.

ರಾತ್ರಿ ಬಂದದ್ದು ಹಂದಿ.
ನಿಜವಾದದ್ದು.

ಬೆಳಿಗ್ಗೆ ಕಣದ ತುಂಬ ಹೊಟ್ಟು ಚೆಲ್ಲಿತ್ತು,
ಗೆಣಸು ಒಂದೂ ಇರಲಿಲ್ಲ.
ಜೇಬಿನ ಕಿವಿ ಬೇಲಿಯ ಮುಳ್ಳಿನಲ್ಲಿ.
ಮೂರು ಬಾಣ ಚಿಂದಿಯಾಗಿ ಎಳೆಎಳೆ ಬಿಟ್ಟುಕೊಂಡಿದ್ದವು.
‘ಬರಿಗೈಲಿ ಮುಟ್ಟಬೇಡ’ ಎಂದು ಮೊಯ್ದು ಹೇಳಿದ್ದ,
ಆ ಎಳೆ ಚರ್ಮಕ್ಕೆ ಹೊಕ್ಕರೆ ಕಾಣುವುದೇ ಇಲ್ಲವಂತೆ.
ಅತ್ತೆಯ ಒಲೆಯ ಇಕ್ಕಳದಲ್ಲಿ ಆರಿಸುತ್ತ ಕೂತೆ.
ಬಾಗಿಲಲ್ಲಿ ನಿಂತು ಅವರು ನಗುತ್ತಿದ್ದರು:
ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷಕ್ಕೆ
ಒಂದು ಹಂದಿ ಬಿತ್ತು,
ಹೊಡೆದವನು ಪಾಲು ಕೇಳದೆ ಹೋದ.

ಎರಡು ಉಳಿದಿವೆ.
ಕಚೇರಿ ತೆರೆದು, ಸೀಲಿಗೆ ತಾರೀಕು ತಿರುಗಿಸಿ,
ಯಾರೂ ಬರುವ ಮೊದಲು ಎರಡನ್ನೂ ತೂಗಿದೆ.
ಒಂದು ಅಂದಿನಷ್ಟೇ.
ಇನ್ನೊಂದು ಒಂದು ಗ್ರಾಂ ಹೆಚ್ಚು.
ಗರಿಯ ಬುಡದಲ್ಲಿ ಏನೋ ಅಂಟಿ ಒಣಗಿತ್ತು,
ಕೆಸರೋ, ಅದರ ಜೊಲ್ಲೋ.
ಒರೆಸಲು ಬಟ್ಟೆ ತೆಗೆದುಕೊಂಡೆ.
ಹಾಗೇ ಇಟ್ಟೆ.